ನೆಂದ ಬೆರಳಿನ ಸುಕ್ಕು: ನೀರಿನ ಕೆಲಸವೋ, ನರದ ಕೆಲಸವೋ?

ಅರ್ಧ ಗಂಟೆ ಬಟ್ಟೆ ಒಗೆದು ಎದ್ದರೆ ಬೆರಳತುದಿಗಳು ಬಿಳಿಚಿಕೊಂಡು, ಉದ್ದುದ್ದ ಮಡಿಕೆ ಬಿದ್ದು, ಆ ಹೊತ್ತಿಗೆ ವಯಸ್ಸಾದವರ ಬೆರಳುಗಳಂತೆ ಕಾಣುತ್ತವೆ. ಹೀಗೇಕೆ ಎಂದು ಮಕ್ಕಳು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಸಿಗುವ ಉತ್ತರ ಒಂದೇ: ಚರ್ಮ ನೀರು ಕುಡಿದು ಉಬ್ಬಿದೆ, ಉಬ್ಬಿದ್ದಕ್ಕೆ ಜಾಗ ಸಾಲದೆ ಮಡಿಕೆ ಬಿದ್ದಿದೆ. ಕೇಳುವುದಕ್ಕೆ ಒಪ್ಪುವಂಥ ಮಾತೇ. ಅಂಗೈ ಮತ್ತು ಅಂಗಾಲಿನ ಚರ್ಮದ ಹೊರಪದರ ಕೆರಾಟಿನ್ ತುಂಬಿದ ಸತ್ತ ಕೋಶಗಳದ್ದು, ಮೈಯ ಬೇರೆ ಕಡೆಗಿಂತ ಅಲ್ಲಿ ಅದು ದಪ್ಪ, ನೀರು ಹೀರುವುದೂ ನಿಜ. ಮೊಣಕೈ, ಹೊಟ್ಟೆ, ಬೆನ್ನು ಎಷ್ಟು ನೆಂದರೂ ಹೀಗಾಗದಿರುವುದಕ್ಕೂ ಈ ದಪ್ಪವನ್ನೇ ಕಾರಣ ಕೊಡಬಹುದು. ಆದರೂ ಈ ವಿವರಣೆ ಪೂರ್ತಿ ನಿಲ್ಲುವುದಿಲ್ಲ. ಅದರ ಕೊರತೆಯನ್ನು ಮೊದಲು ತೋರಿಸಿಕೊಟ್ಟದ್ದು ಗಾಯಗೊಂಡ ಕೈಗಳು.

ಮುಂಗೈಯ ನಡುವೆ ಹಾದು ಅಂಗೈಗೆ ಇಳಿಯುವ ಮೀಡಿಯನ್ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧ ಭಾಗವನ್ನು ನೋಡಿಕೊಳ್ಳುತ್ತದೆ. ಉಳಿದರ್ಧ ಮತ್ತು ಕಿರುಬೆರಳು ಇನ್ನೊಂದು ನರದ ಪಾಲು. ಮೀಡಿಯನ್ ನರಕ್ಕೆ ಪೆಟ್ಟಾದವರ ಬೆರಳುಗಳು ನೀರಿನಲ್ಲಿ ಸುಕ್ಕುಗಟ್ಟುವುದಿಲ್ಲ ಎಂಬುದನ್ನು ಬ್ರಿಟನ್ನಿನ ವೈದ್ಯರಾದ ಥಾಮಸ್ ಲೂಯಿಸ್ ಮತ್ತು ಜಾರ್ಜ್ ಪಿಕರಿಂಗ್ 1930ರ ದಶಕದಲ್ಲೇ ಗಮನಿಸಿದ್ದರು. ಆಗ ಅದು ಯಾರಿಗೂ ದೊಡ್ಡ ಸಂಗತಿ ಅನಿಸಲಿಲ್ಲ. 1973ರಲ್ಲಿ ಐರ್ಲೆಂಡಿನ ಪ್ಲಾಸ್ಟಿಕ್ ಸರ್ಜನ್ ಷೇಮಸ್ ಓರಿಯನ್ ಇದನ್ನೇ ಒಂದು ಪರೀಕ್ಷೆಯನ್ನಾಗಿ ಮಾಡಿದರು: 40 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ 30 ನಿಮಿಷ ಕೈ ಅದ್ದಿ ಇಟ್ಟು ನೋಡುವುದು, ಅಷ್ಟೆ. ನರ ತುಂಡಾಗಿದ್ದರೆ ಅದರ ಪಾಲಿನ ಬೆರಳುಗಳು ನುಣ್ಣಗೆ ಉಳಿಯುತ್ತವೆ, ಪಕ್ಕದ ಕಿರುಬೆರಳು ಎಂದಿನಂತೆ ಸುಕ್ಕಾಗುತ್ತದೆ. ನರ ಚಿಗುರಿ ಮತ್ತೆ ಬೆರಳನ್ನು ಮುಟ್ಟಿದಾಗ ಸುಕ್ಕೂ ಮರಳುತ್ತದೆ. ಕೈ ಒಂದೇ, ನೀರು ಒಂದೇ, ನೆಂದ ಹೊತ್ತೂ ಒಂದೇ. ಚರ್ಮ ನೀರು ಹೀರಿದ್ದೊಂದೇ ಕಾರಣವಾಗಿದ್ದರೆ ತೋರುಬೆರಳೂ ಸುಕ್ಕಾಗಬೇಕಿತ್ತು. ಅತಿಯಾಗಿ ಬೆವರುವ ಕೈಗೆಂದು ಶಸ್ತ್ರಚಿಕಿತ್ಸೆ ಮಾಡಿ ಕೆಲವು ನರಗಳನ್ನು ಕತ್ತರಿಸುವುದುಂಟು. ನಮ್ಮ ಇಚ್ಛೆಗೆ ಕಾಯದೆ ಬೆವರನ್ನೂ ರಕ್ತನಾಳಗಳನ್ನೂ ನಡೆಸುವ ನರಗಳವು. ಅವು ಹೋದ ಮೇಲೂ ಸುಕ್ಕು ಬೀಳುವುದಿಲ್ಲ. ಅಂದರೆ ಮುಟ್ಟಿದ್ದನ್ನು ತಿಳಿಸುವ ನರಕ್ಕಿಂತ ಈ ಒಳ ಆಡಳಿತದ ನರಗಳೇ ಇಲ್ಲಿ ಮುಖ್ಯ.

ಅವು ಏನು ಮಾಡುತ್ತವೆ ಎಂಬುದಕ್ಕೆ 2003ರಲ್ಲಿ ಸಿಂಗಪುರದಲ್ಲಿ ಐನಾರ್ ವೈಲ್ಡರ್-ಸ್ಮಿತ್ ಮತ್ತು ಅವರ ಸಹೋದ್ಯೋಗಿ, ರಕ್ತದ ಹರಿವನ್ನು ಅಳೆಯುವ ಡಾಪ್ಲರ್ ಯಂತ್ರದಿಂದ ಉತ್ತರ ಹುಡುಕಿದರು. ಬೆರಳು ಸುಕ್ಕಾಗುತ್ತಾ ಹೋದಂತೆ ಅದರೊಳಗಿನ ರಕ್ತದ ಹರಿವು ಇಳಿಯುತ್ತಿತ್ತು. ಬೆರಳತುದಿಯ ಒಳಗೆ ರಕ್ತನಾಳಗಳು ದಟ್ಟವಾಗಿ ಹೆಣೆದ ಮೆದುವಾದ ತಿರುಳಿದೆ. ನರದ ಸೂಚನೆ ಬಂದೊಡನೆ ಈ ನಾಳಗಳು ಕಿರಿದಾಗುತ್ತವೆ, ತಿರುಳು ಕುಗ್ಗುತ್ತದೆ, ಮೇಲಿನ ಚರ್ಮ ಅಷ್ಟೇ ಇರುತ್ತದೆ. ಹತ್ತಿ ಕಡಿಮೆಯಾದ ದಿಂಬಿನ ಕವರಿನ ಗತಿಯೇ ಅದರದ್ದೂ. ಬೆರಳು ಬಿಳಿಚಿಕೊಳ್ಳುವುದೇಕೆಂಬುದಕ್ಕೂ ಇಲ್ಲೇ ಉತ್ತರವಿದೆ. ಇನ್ನೂ ಗಟ್ಟಿಯಾದ ಪುರಾವೆ ಬೇಕೆಂದರೆ, ಚರ್ಮವನ್ನು ಮರಗಟ್ಟಿಸಲು ಹಚ್ಚುವ ಎಮ್ಲಾ ಎಂಬ ಮುಲಾಮು ರಕ್ತನಾಳಗಳನ್ನೂ ಕಿರಿದಾಗಿಸುತ್ತದೆ. ಅದನ್ನು ಹಚ್ಚಿದರೆ ನೀರಿಗೆ ಅದ್ದದ ಬೆರಳೂ ಸುಕ್ಕಾಗುತ್ತದೆ.

ಹಾಗಾದರೆ ನೀರಿನ ಪಾತ್ರವೇನು? ಅದು ಬೆವರಿನ ನಾಳಗಳ ಮೂಲಕ ಒಳಹೋಗಿ ಅಲ್ಲಿನ ಉಪ್ಪಿನ ಪ್ರಮಾಣವನ್ನು ಏರುಪೇರು ಮಾಡುತ್ತದೆ, ಆ ಬದಲಾವಣೆಯೇ ನರವನ್ನು ಕೆರಳಿಸುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಬೆವರಿನ ರಂಧ್ರಗಳು ಅಂಗೈ, ಅಂಗಾಲುಗಳಲ್ಲಿ ವಿಪರೀತ ದಟ್ಟವಾಗಿರುವುದು ಇದಕ್ಕೆ ಹೊಂದುತ್ತದೆ. ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಸುಕ್ಕು ಬೇಗ ಬೀಳುವುದೂ, ಬೆವರಿನಲ್ಲಿ ಉಪ್ಪು ಹೆಚ್ಚಾಗುವ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳ ಅಂಗೈ ಕೆಲವೇ ನಿಮಿಷಗಳಲ್ಲಿ ಸುಕ್ಕಾಗುವುದೂ ಹೊಂದುತ್ತವೆ.

ಸುಕ್ಕು ನರದ ಕೆಲಸ ಎಂಬ ಈ ವಿವರಣೆಗೆ ಒಂದು ಬಲವಾದ ಆಕ್ಷೇಪವಿದೆ. ನೀರಿನಲ್ಲಿ ಬಿದ್ದು ಸತ್ತವರ ಕೈಕಾಲೂ ಸುಕ್ಕಾಗಿರುತ್ತವೆ. ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರಿಗೆ ಅದು ಚಿರಪರಿಚಿತ ಗುರುತು. ಹೆಣದಲ್ಲಿ ನರವೂ ಕೆಲಸ ಮಾಡುವುದಿಲ್ಲ, ರಕ್ತವೂ ಹರಿಯುವುದಿಲ್ಲ. ಆದ್ದರಿಂದ ಹಳೆಯ ವಿವರಣೆಯನ್ನು ಪೂರ್ತಿ ಸುಳ್ಳೆಂದು ತಳ್ಳಿಹಾಕುವುದು ಅವಸರದ ಮಾತಾದೀತು. ಬಹಳ ಹೊತ್ತು ನೀರಿನಲ್ಲಿದ್ದರೆ ಹೊರಪದರ ನೀರು ಹೀರಿ, ಉಬ್ಬಿ ಮಡಿಕೆಯಾಗುವುದು ನಿಜವೇ. ನಾಟಿ ಗದ್ದೆಯ ಕೆಸರಿನಲ್ಲಿ ಇಡೀ ದಿನ ನಿಂತ ಕಾಲಿನ ಚರ್ಮ ಮೆತ್ತಗಾಗಿ ಬಿಳಿ ಹಿಡಿಯುವುದು ಇದೇ ಕಾರಣಕ್ಕೆ. ಆದರೆ ಬೆಚ್ಚಗಿನ ನೀರಿಗಿಟ್ಟ ಜೀವಂತ ಕೈಯಲ್ಲಿ ಐದು ನಿಮಿಷದೊಳಗೇ ಸುಕ್ಕು ಕಾಣತೊಡಗುತ್ತದೆ. ಆ ಬೇಗದ ಸುಕ್ಕು, ಪೆಟ್ಟಾದ ನರದ ಬೆರಳಿನಲ್ಲಿ ಅರ್ಧ ಗಂಟೆಯಾದರೂ ಬಾರದ ಸುಕ್ಕು, ನರದ್ದೇ. ನೋಡಲು ಒಂದೇ ಥರವಿರುವ ಎರಡು ಕೆಲಸಗಳನ್ನು ಒಂದೇ ಎಂದು ಬಗೆದದ್ದರಿಂದ ಇಷ್ಟು ಕಾಲ ಗೊಂದಲ ಉಳಿಯಿತು.

ಹೇಗೆ ಎಂಬುದು ಇಷ್ಟರಮಟ್ಟಿಗೆ ತಿಳಿಯಿತು. ಏತಕ್ಕೆ ಎಂಬ ಪ್ರಶ್ನೆಗೆ ಬಂದಾಗ ನೆಲ ಅಷ್ಟು ಗಟ್ಟಿಯಾಗಿಲ್ಲ. 2011ರಲ್ಲಿ ಅಮೆರಿಕದ ಮಾರ್ಕ್ ಚಾಂಗೀಜಿ ಮತ್ತು ಸಂಗಡಿಗರು, ಈ ಮಡಿಕೆಗಳು ಗಾಡಿಯ ಟಯರಿನ ಗೀರುಗಳಂತೆ ನೀರನ್ನು ಹೊರಹಾಕಿ ಹಿಡಿತ ಹೆಚ್ಚಿಸಲು ವಿಕಾಸಗೊಂಡಿವೆ ಎಂದು ಸೂಚಿಸಿದರು. 2013ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ 20 ಜನರಿಗೆ ಒದ್ದೆ ಗೋಲಿಗಳನ್ನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹಾಕಲು ಕೊಟ್ಟಾಗ, ಸುಕ್ಕಾದ ಬೆರಳುಗಳು ಸುಮಾರು ಶೇ 12ರಷ್ಟು ಬೇಗ ಕೆಲಸ ಮುಗಿಸಿದವು. ಒಣ ಗೋಲಿಗಳಲ್ಲಿ ವ್ಯತ್ಯಾಸವಿರಲಿಲ್ಲ. ಸುದ್ದಿ ಎಲ್ಲೆಡೆ ಹರಡಿತು. ಮರುವರ್ಷ ಬರ್ಲಿನ್‌ನ ಸಂಶೋಧಕರು 40 ಜನರೊಂದಿಗೆ ಇದನ್ನೇ ಪರೀಕ್ಷಿಸಿದಾಗ ಅಂಥ ಲಾಭ ಕಾಣಲಿಲ್ಲ. ಇದು ಅಷ್ಟಾಗಿ ಹರಡಲಿಲ್ಲ. 2021ರಲ್ಲಿ ಪ್ರಕಟವಾದ ನಿಕ್ ಡೇವಿಸ್ ಅವರ ಅಧ್ಯಯನ ಲಂಡನ್ನಿನ ಸೈನ್ಸ್ ಮ್ಯೂಸಿಯಂಗೆ ಬಂದ 500ಕ್ಕೂ ಹೆಚ್ಚು ಜನರ ಹಿಡಿತದ ಬಲವನ್ನೇ ಅಳೆಯಿತು. ಒದ್ದೆಯಾದರೂ ಸುಕ್ಕಾಗದ ಬೆರಳುಗಳು ವಸ್ತುವನ್ನು ಜೋರಾಗಿ ಒತ್ತಿ ಹಿಡಿಯಬೇಕಾಯಿತು. ಸುಕ್ಕಾದವಕ್ಕೆ ಅಷ್ಟು ಬಲ ಬೇಕಾಗಲಿಲ್ಲ, ಒಣ ಬೆರಳುಗಳ ಹತ್ತಿರಕ್ಕೇ ಬಂದವು. ಎಷ್ಟು ಬೇಗ ಎಂಬುದಕ್ಕಿಂತ ಎಷ್ಟು ಬಲ ಎಂಬುದನ್ನು ಅಳೆದದ್ದು ಸರಿಯಾದ ದಾರಿ ಎಂದು ನನ್ನ ಅನಿಸಿಕೆ. ಜಾರುವ ಪಾತ್ರೆಯನ್ನು ಹಿಡಿದಾಗ ಕೈ ಸೋಲುವುದು ಬಲ ಹಾಕಿಯೇ ತಾನೆ.

ಹೀಗಾಗಿ ಸುಕ್ಕು ಉಪಯೋಗಕ್ಕೆ ಬರುತ್ತದೆ ಎಂದು ಹೇಳಲು ಈಗ ಆಧಾರವಿದೆ. ಅದು ಉಪಯೋಗಕ್ಕೆಂದೇ ವಿಕಾಸಗೊಂಡಿತು ಎಂದು ಹೇಳಲು ಇನ್ನೂ ಇಲ್ಲ. ರಕ್ತನಾಳ ಕಿರಿದಾಗುವುದು ಬೇರೆ ಯಾವುದೋ ಕಾರಣಕ್ಕೆ ಶುರುವಾಗಿ, ಹಿಡಿತದ ಲಾಭ ಜೊತೆಗೆ ಸಿಕ್ಕಿರಬಹುದು. ಅಷ್ಟು ಒಳ್ಳೆಯದಾದರೆ ಬೆರಳು ಸದಾ ಸುಕ್ಕಾಗಿಯೇ ಏಕಿಲ್ಲ ಎಂಬ ಪ್ರಶ್ನೆಗೂ ತೃಪ್ತಿಕರ ಉತ್ತರ ಸಿಕ್ಕಿಲ್ಲ. ಸುಕ್ಕಾದಾಗ ಸ್ಪರ್ಶದ ಸೂಕ್ಷ್ಮತೆ ಕಡಿಮೆಯಾಗುತ್ತದೇನೋ ಎಂದು ಊಹಿಸಿದರೆ, ಬರ್ಲಿನ್‌ನ ಅದೇ ತಂಡ ಅದನ್ನೂ ಅಳೆದು, ಹಾಗೇನಿಲ್ಲ ಎಂದಿದೆ. ಇತ್ತ, ಸುಕ್ಕು ಪ್ರತಿ ಸಲ ಒಂದೇ ಜಾಗದಲ್ಲಿ ಬೀಳುತ್ತದೆಯೇ ಎಂದು ವಿದ್ಯಾರ್ಥಿಯೊಬ್ಬರು ಕೇಳಿದ ಪ್ರಶ್ನೆಯ ಬೆನ್ನುಹತ್ತಿದ ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಗೈ ಜರ್ಮನ್, 2025ರಲ್ಲಿ ಹೌದು ಎಂದು ವರದಿ ಮಾಡಿದರು. ಕನಿಷ್ಠ ಒಂದು ದಿನ ಬಿಟ್ಟು ಮತ್ತೆ ನೆನೆಸಿದರೂ ಮಡಿಕೆಗಳ ವಿನ್ಯಾಸ ಹೆಚ್ಚುಕಡಿಮೆ ಅದೇ. ರಕ್ತನಾಳಗಳು ಇದ್ದಲ್ಲೇ ಇರುವುದರಿಂದ ಹೀಗೆ ಎಂಬುದು ಅವರ ವಿವರಣೆ. ಪರೀಕ್ಷೆಗೆ ಒಳಗಾದವರು ಮಾತ್ರ ಬೆರಳೆಣಿಕೆಯಷ್ಟು.

ಏತಕ್ಕೆ ಎಂಬುದು ಬಗೆಹರಿಯಲೆಂದು ವೈದ್ಯರು ಕಾದು ಕುಳಿತಿಲ್ಲ. ಸಕ್ಕರೆ ಕಾಯಿಲೆಯಿಂದ ನರ ದುರ್ಬಲವಾದವರಲ್ಲಿ ಸುಕ್ಕು ಕಡಿಮೆ ಬೀಳುತ್ತದೆ ಎಂದು ಕಂಡುಬಂದಿದೆ. ಓರಿಯನ್ ಅವರ ಪರೀಕ್ಷೆ ಹೆಚ್ಚು ನೆರವಾಗುವುದು ಪುಟ್ಟ ಮಕ್ಕಳ ವಿಷಯದಲ್ಲಿ. ಗಾಜು ತಗುಲಿ ಕೈ ಕೊಯ್ದುಕೊಂಡ ಎರಡು ವರ್ಷದ ಮಗುವಿಗೆ ಸೂಜಿ ಮುಟ್ಟಿಸಿ, ಇಲ್ಲಿ ತಿಳಿಯುತ್ತಾ, ಅಲ್ಲಿ ತಿಳಿಯುತ್ತಾ ಎಂದು ಕೇಳಿ ಉತ್ತರ ಪಡೆಯುವುದು ಕಷ್ಟ. ಗಾಯ ಮಾಗಿದ ಮೇಲೆ ಬೋಗುಣಿಯಲ್ಲಿ ಬೆಚ್ಚಗಿನ ನೀರಿಟ್ಟು ಆಟವಾಡಲು ಬಿಟ್ಟರೆ, ಯಾವ ಬೆರಳು ಸುಕ್ಕಾಯಿತು, ಯಾವುದು ನುಣ್ಣಗೆ ಉಳಿಯಿತು ಎಂದು ನೋಡಿ ನರದ ಸ್ಥಿತಿಯನ್ನು ಅಂದಾಜು ಮಾಡಬಹುದು. ಸುಕ್ಕು ಮರಳುವುದೂ ಸ್ಪರ್ಶ ಮರಳುವುದೂ ಎಲ್ಲರಲ್ಲೂ ಒಟ್ಟೊಟ್ಟಿಗೆ ಆಗುವುದಿಲ್ಲವಾದ್ದರಿಂದ, ಇದೊಂದನ್ನೇ ನಂಬದೆ ಉಳಿದ ಪರೀಕ್ಷೆಗಳ ಜೊತೆಗಿಟ್ಟು ನೋಡುತ್ತಾರೆ.