ಹೊಸ ಜೀರುಂಡೆಗೆ ನಾಮಕರಣ

ವಿಜ್ಞಾನಿಗಳು ಹೊಸದೊಂದು ಕೀಟವನ್ನು ಕಂಡುಹಿಡಿದರೆಂಬ ಸುದ್ದಿ ವೃತ್ತಪತ್ರಿಕೆಗಳ ಒಳಪುಟಗಳಲ್ಲಿ ಆಗಾಗ ಬರುತ್ತಿರುತ್ತದೆ. ಆದರೆ ಹುಳು ಕಣ್ಣಿಗೆ ಬಿದ್ದ ಮಾತ್ರಕ್ಕೆ ಅದು ಶಾಸ್ತ್ರದ ಲೆಕ್ಕಕ್ಕೆ ಸೇರಿತೆಂದಲ್ಲ. ಅದನ್ನು ವಿಧಿವತ್ತಾಗಿ ವರ್ಣಿಸಿ, ಹೆಸರಿಟ್ಟು, ಪ್ರಕಟಿಸಬೇಕು. ವಾಣಿಜ್ಯಶಾಸ್ತ್ರವನ್ನೋದಿ ಬ್ಯಾಂಕಿನ ಲೆಡ್ಜರುಗಳ ನಡುವೆ ದಿನ ಕಳೆಯುವ ನನ್ನಂಥವನಿಗೆ ಆ ವಿಧಿಗಳು ತೀರ ಪರಿಚಿತವೆನಿಸಿದವು. ಈ ಲೇಖನವನ್ನು ಬರೆಯುವ ಧೈರ್ಯ ಬಂದದ್ದೂ ಅದರಿಂದಲೇ.

ನೆಲದ ಜೀರುಂಡೆಗಳೆಂದು ಕರೆಯಬಹುದಾದ ಕ್ಯಾರಾಬಿಡೇ ಕುಟುಂಬವನ್ನು ತೆಗೆದುಕೊಳ್ಳೋಣ. ಇದರಲ್ಲಿ ಈವರೆಗೆ ಹೆಸರು ಪಡೆದ ಪ್ರಭೇದಗಳೇ ಸುಮಾರು 40,000. ಹೆಚ್ಚಿನವು ಕಪ್ಪು ಅಥವಾ ಕಂದು ಬಣ್ಣದವು. ಹಗಲೆಲ್ಲ ಕಲ್ಲು, ತರಗೆಲೆಗಳ ಅಡಿಯಲ್ಲಿ ಅವಿತಿದ್ದು ರಾತ್ರಿ ಬೇಟೆಗೆ ಹೊರಡುವಂಥವು. ಬೆಳೆ ತಿನ್ನುವ ಮರಿಹುಳುಗಳನ್ನೂ ಬಸವನಹುಳುಗಳನ್ನೂ ಭಕ್ಷಿಸುವುದರಿಂದ ರೈತನಿಗೆ ಉಪಕಾರಿಗಳು. ಭಾರತದ ಈ ಜೀರುಂಡೆಗಳನ್ನು ಕುರಿತು ಎಚ್. ಇ. ಆಂಡ್ರ್ಯೂಸ್ ಅವರು 1929 ಮತ್ತು 1935ರಲ್ಲಿ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಎರಡು ಸಂಪುಟಗಳನ್ನು ಹೊರತಂದರು.

ಹೊಸದೆಂದು ತೋರುವ ಹುಳು ಕೈಗೆ ಬಂದಾಗ, ಅದಕ್ಕೆ ಹಿಂದೆಯೇ ಯಾರಾದರೂ ಹೆಸರಿಟ್ಟಿರುವರೇ ಎಂದು ಶೋಧಿಸುವುದೇ ಮೊದಲ ಕೆಲಸ. ಹಳೆಯ ಗ್ರಂಥಗಳನ್ನು ತಿರುವಿ, ದೂರದ ವಸ್ತುಸಂಗ್ರಹಾಲಯಗಳಲ್ಲಿರುವ ಒಣಗಿದ ಹುಳುಗಳೊಡನೆ ಹೋಲಿಸಿ ನೋಡಬೇಕು. ವ್ಯತ್ಯಾಸಗಳು ಬಲು ಸೂಕ್ಷ್ಮ: ಕಣ್ಣಿನ ಮೇಲಿರುವ ಕೂದಲು ಒಂದೋ ಎರಡೋ, ಗಟ್ಟಿ ಮೇಲ್ರೆಕ್ಕೆಗಳ ಮೇಲಿನ ಉದ್ದಗೆರೆಗಳು ಆಳವೋ ಮಾಸಲೋ, ಕುತ್ತಿಗೆಯ ಹಿಂದಣ ಭಾಗದ ಅಂಚು ಬಾಗಿದೆಯೋ ನೇರವೋ. ಹೊರನೋಟಕ್ಕೆ ಒಂದೇ ಎನಿಸುವ ಎರಡು ಪ್ರಭೇದಗಳನ್ನು ಬೇರ್ಪಡಿಸಲು ಅನೇಕ ವೇಳೆ ಗಂಡಿನ ಜನನಾಂಗದ ಆಕಾರವೇ ನಿರ್ಣಾಯಕ. ಈಚೆಗೆ ಡಿಎನ್‌ಎ ಪರೀಕ್ಷೆಯೂ ನೆರವಿಗೆ ಬಂದಿದೆ. ಸೂಕ್ಷ್ಮದರ್ಶಕವಂತೂ ಮೂಲೆಗೆ ಸೇರಿಲ್ಲ.

ಇಷ್ಟಾದ ಮೇಲೆ ಒಂದು ಹುಳುವನ್ನು ಆರಿಸಿ ಅದಕ್ಕೆ ಸಾಮಾನ್ಯವಾಗಿ ಕೆಂಪು ಚೀಟಿ ಲಗತ್ತಿಸಿ ಕಾದಿಡುತ್ತಾರೆ. ಇದಕ್ಕೆ ಹೋಲೋಟೈಪ್ ಎಂದು ಹೆಸರು. ಖಾತೆ ತೆರೆಯುವಾಗ ಗ್ರಾಹಕನಿಂದ ಪಡೆಯುವ ಮಾದರಿ ಸಹಿಯಂತೆಯೇ ಇದು. ಮುಂದೆ ಎಂದಾದರೂ ಸಂದೇಹ ಬಂದರೆ ಆ ಒಂದೇ ಹುಳುವಿನೊಡನೆ ಹೋಲಿಸಿ ತೀರ್ಮಾನಿಸತಕ್ಕದ್ದು.

ಬಳಿಕ ನಾಮಕರಣ. ಪ್ರಾಣಿಗಳ ಹೆಸರುಗಳ ಲೆಕ್ಕ 1758ರಿಂದ, ಎಂದರೆ ಲಿನೇಯಸನ ಗ್ರಂಥದ ಹತ್ತನೆಯ ಆವೃತ್ತಿಯಿಂದ ಆರಂಭ. ಕುಲದ ಹೆಸರೊಂದು, ಪ್ರಭೇದದ ಹೆಸರೊಂದು. ಅವುಗಳ ಬೆನ್ನಿಗೆ ಹೆಸರಿಟ್ಟವನ ಹೆಸರು, ಪ್ರಕಟವಾದ ವರ್ಷ. ಒಂದೇ ಹುಳುವಿಗೆ ಇಬ್ಬರು ಹೆಸರಿಟ್ಟಿದ್ದರೆ ಸಾಧಾರಣವಾಗಿ ಮೊದಲು ಪ್ರಕಟವಾದುದೇ ನಿಲ್ಲುತ್ತದೆ. ತನ್ನ ಹೆಸರನ್ನೇ ಇಟ್ಟುಕೊಳ್ಳಬಾರದೆಂಬ ನಿಯಮವೇನೂ ಇಲ್ಲ. ಆದರೆ ಅದು ಸಭ್ಯತೆಯಲ್ಲ. ತಂದೆಯ ಹೆಸರೂ ಊರಿನ ಹೆಸರೂ ಇನಿಷಿಯಲ್‌ಗಳಾಗಿ ಮುಂದೆ ನಿಂತಿರುವ ನಮ್ಮವರು ಈ ಮಹಾನಗರದ ಕಚೇರಿಗಳಲ್ಲಿ ‘ಸರ್‌ನೇಮ್’ ಎಂಬ ಖಾನೆಯ ಮುಂದೆ ತಡವರಿಸುವುದನ್ನು ದಿನವೂ ಕಾಣುತ್ತೇನೆ. ಅಲ್ಲಿ ಏನಾದರೂ ಹೆಚ್ಚುಕಡಮೆಯಾದರೆ ಗೆಜೆಟ್ ಪ್ರಕಟಣೆಯ ಮೂಲಕವಾದರೂ ಸರಿಪಡಿಸಿಕೊಳ್ಳಬಹುದು. ಜೀರುಂಡೆಗೆ ಆ ಸೌಲಭ್ಯವಿಲ್ಲ. ಅರ್ಥ ಹಿಡಿಸಲಿಲ್ಲವೆಂದು ಹೆಸರನ್ನು ಬದಲಿಸುವಂತಿಲ್ಲ.

ಈ ಕಟ್ಟಳೆಯ ಫಲವನ್ನು ಉಣ್ಣುತ್ತಿರುವ ಬಡಜೀವವೊಂದು ಯುರೋಪಿನ ಸ್ಲೊವೇನಿಯದಲ್ಲಿದೆ. ಆಗ ಯುಗೋಸ್ಲಾವಿಯಕ್ಕೆ ಸೇರಿದ್ದ ಆ ನಾಡಿನ ಗುಹೆಯೊಂದರಲ್ಲಿ 1933ರಲ್ಲಿ ದೊರೆತ, ಸುಮಾರು 5 ಮಿಲಿಮೀಟರ್ ಉದ್ದದ ಕಂದು ಜೀರುಂಡೆ ಅದು. ತಲೆಮಾರುಗಳಿಂದ ಕತ್ತಲಲ್ಲೇ ಬಾಳಿದ ಅದಕ್ಕೆ ಕಣ್ಣುಗಳಿಲ್ಲ. ಗುಹೆಯ ತೇವದಲ್ಲಿ ತನಗಿಂತ ಚಿಕ್ಕ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಆಸ್ಕರ್ ಶೈಬೆಲ್ ಎಂಬ ಹವ್ಯಾಸಿ ಸಂಗ್ರಹಕಾರ 1937ರಲ್ಲಿ ಅದನ್ನು ವರ್ಣಿಸಿ, ಅಂದಿನ ಜರ್ಮನಿಯ ಸರ್ವಾಧಿಕಾರಿಯ ಗೌರವಾರ್ಥ ಅನಾಫ್ತಾಲ್ಮಸ್ ಹಿಟ್ಲೆರಿ ಎಂದು ಹೆಸರಿಟ್ಟ. ಕುಲನಾಮಕ್ಕೆ ‘ಕಣ್ಣಿಲ್ಲದ್ದು’ ಎಂದರ್ಥ. ಯುದ್ಧ ಮುಗಿಯಿತು, ಸರ್ವಾಧಿಕಾರಿ ಅಳಿದ. ಹೆಸರು ಮಾತ್ರ ಉಳಿಯಿತು.

ಉಳಿದದ್ದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ನಾಜಿ ಕಾಲದ ಸ್ಮಾರಕವಸ್ತುಗಳನ್ನು ಕೂಡಿಡುವ ಹುಚ್ಚಿನವರು ಈ ಹುಳುವಿಗೂ ಬೆಲೆ ಕಟ್ಟಿದರು. ಸ್ಲೊವೇನಿಯದ ಕೆಲವೇ ಗುಹೆಗಳಲ್ಲಿ ಬದುಕುವ ಜೀವಿಯನ್ನು ಕದ್ದು ಹಿಡಿಯತೊಡಗಿದರೆ ಎಷ್ಟು ಕಾಲ ಉಳಿದೀತು? ಮ್ಯೂನಿಕ್ಕಿನ ಪ್ರಾಣಿಶಾಸ್ತ್ರ ಸಂಗ್ರಹದಲ್ಲಿದ್ದ ಇದರ ಮಾದರಿಗಳು ಬಹುಪಾಲು ಕಳುವಾದುವೆಂದೂ ವರದಿಯಾಗಿದೆ.

ಹೆಸರನ್ನೇ ಬದಲಿಸಬಾರದೇ ಎಂಬ ಪ್ರಶ್ನೆ ಸಹಜ. ಪ್ರಾಣಿನಾಮಕರಣದ ಅಂತಾರಾಷ್ಟ್ರೀಯ ಆಯೋಗವು 2023ರಲ್ಲಿ ಪ್ರಕಟಿಸಿದ ಅಭಿಪ್ರಾಯದಲ್ಲಿ, ಮನಸ್ಸಿಗೆ ನೋವುಂಟುಮಾಡುತ್ತವೆಂಬ ಕಾರಣಕ್ಕೆ ಹೆಸರುಗಳನ್ನು ಬದಲಿಸಲಾಗದೆಂದು ಸ್ಪಷ್ಟಪಡಿಸಿತು. ಸಸ್ಯಶಾಸ್ತ್ರಜ್ಞರು ಬೇರೆ ದಾರಿ ಹಿಡಿದರು: 2024ರ ಮ್ಯಾಡ್ರಿಡ್ ಸಮ್ಮೇಳನದಲ್ಲಿ, ಆಫ್ರಿಕದ ಜನರನ್ನು ಹೀಗಳೆಯುವ ‘ಕಾಫ್ರಾ’ ಎಂಬ ಪದವಿದ್ದ 200ಕ್ಕೂ ಹೆಚ್ಚು ಹೆಸರುಗಳನ್ನು ‘ಆಫ್ರಾ’ ಎಂದು ತಿದ್ದಲು ಮತ ಕೊಟ್ಟರು.

ನನ್ನ ಮಟ್ಟಿಗೆ, ಆಯೋಗದ ವಾದದಲ್ಲಿ ತೂಕವಿದೆ. ಪ್ರತಿಯೊಂದು ಪೀಳಿಗೆಯೂ ತನ್ನ ಅಭಿರುಚಿಯಂತೆ ಲೆಡ್ಜರನ್ನು ತಿದ್ದಹೊರಟರೆ ಹಳೆಯ ಬರಹಗಳಲ್ಲಿ ಯಾವ ಹುಳು ಯಾವುದೆಂದು ತಿಳಿಯುವುದೇ ಕಷ್ಟವಾದೀತು. ಆದರೆ ಈ ಗುಹೆಯ ಜೀರುಂಡೆಯ ವಿಷಯವೇ ಬೇರೆ. ಇಲ್ಲಿ ನೋಯುವುದು ಓದುವವರ ಮನಸ್ಸಷ್ಟೇ ಅಲ್ಲ, ಹುಳುವಿನ ಸಂತತಿಯೇ ಅಪಾಯದಲ್ಲಿದೆ. ಇಂಥದಕ್ಕೊಂದು ವಿನಾಯಿತಿ ಇದ್ದರೆ ಶಾಸ್ತ್ರಕ್ಕೆ ದೊಡ್ಡ ನಷ್ಟವಾಗದೆಂದೇ ನನ್ನ ಎಣಿಕೆ.

ಹೊಸ ಪ್ರಭೇದಗಳನ್ನು ವರ್ಣಿಸುವವರು ಈಗ ಬೇರೊಂದು ಬಗೆಯಲ್ಲಿ ಎಚ್ಚರ ವಹಿಸತೊಡಗಿದ್ದಾರೆ. ಸಂಗ್ರಹಕಾರರು ಮುಗಿಬೀಳಬಹುದಾದ ಜೀವಿಯಾದರೆ, ಅದು ದೊರೆತ ನಿಖರವಾದ ಸ್ಥಳವನ್ನು ಕೆಲವರು ಅಚ್ಚುಮಾಡಿಸುವುದಿಲ್ಲ; ಜಿಲ್ಲೆಯನ್ನೋ ಬೆಟ್ಟಸಾಲನ್ನೋ ಹೇಳಿ ಬಿಡುತ್ತಾರೆ. ಹೆಚ್ಚಿನ ವಿವರ ಬೇಕಾದ ಸಂಶೋಧಕರು ಅವರಿಗೆ ಪತ್ರ ಬರೆದು ಕೇಳಿಕೊಳ್ಳಬೇಕು.