ಅಂಗಡಿಯ ವಿಳಾಸ ಯಾರ ಹೆಸರಿನಲ್ಲಿದೆ?

ಉತ್ತರ ಕರ್ನಾಟಕದ ಹಳೆಯ ಅಡತಿ ಅಂಗಡಿಗಳ ಕಾಗದಪತ್ರಗಳನ್ನು ಕಂಡವರಿಗೆ ತಲೆಬರಹದ ಮೂಲೆಯಲ್ಲಿ ಅಚ್ಚಾಗಿರುತ್ತಿದ್ದ ‘ತಾರು ವಿಳಾಸ’ ನೆನಪಿರಬಹುದು. ಅಂಚೆ-ತಂತಿ ಇಲಾಖೆಗೆ ವರ್ಷಕ್ಕಿಷ್ಟು ಶುಲ್ಕ ಕಟ್ಟಿ ನೋಂದಾಯಿಸಿಕೊಂಡ ಒಂದೇ ಒಂದು ಪದ ಅದು. ಮುಂಬೈಯ ವ್ಯಾಪಾರಿ ಆ ಪದವನ್ನೂ ಊರಿನ ಹೆಸರನ್ನೂ ಬರೆದರೆ ಸಾಕು, ದರದ ಸುದ್ದಿ ನೇರ ಅಂಗಡಿಯ ಗಾದಿಗೆ ಬಂದು ಮುಟ್ಟುತ್ತಿತ್ತು. ಗುಮಾಸ್ತ ಬದಲಾದರೂ ವಿಳಾಸ ಬದಲಾಗುತ್ತಿರಲಿಲ್ಲ. 2013ರ ಜುಲೈನಲ್ಲಿ ತಂತಿ ಸೇವೆಯೇ ನಿಂತುಹೋಯಿತು.

ಇಂದು ರೋಣ, ನರಗುಂದ, ಗಜೇಂದ್ರಗಡಗಳ ಅಂಗಡಿ ಫಲಕಗಳಲ್ಲಿ ಆ ಜಾಗವನ್ನು ಮಿಂಚಂಚೆ ವಿಳಾಸ ಆಕ್ರಮಿಸಿದೆ. ಆದರೆ ಹೆಚ್ಚಿನ ಕಡೆ ಅದು ಅಂಗಡಿಯದಲ್ಲ. ಮಾಲೀಕರ ಮಗನದೋ, ಲೆಕ್ಕ ಬರೆಯುವ ಹುಡುಗನದೋ, ತೆರಿಗೆ ಸಲಹೆಗಾರರದೋ ಉಚಿತ ಖಾತೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ನೋಂದಣಿಗೆ ಇ-ಮೇಲ್ ಕಡ್ಡಾಯವಾಯಿತು. ತಮ್ಮದೆಂಬುದು ಇಲ್ಲದವರು ಸಲಹೆಗಾರರ ವಿಳಾಸವನ್ನೇ ಕೊಟ್ಟು ಕೈತೊಳೆದುಕೊಂಡರು. ಇಲಾಖೆಯ ನೋಟಿಸು ಅಲ್ಲಿಗೆ ಹೋಗುತ್ತದೆ. ಅದನ್ನು ಅವರು ತೆರೆದು ನೋಡಿ, ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹುಡುಗ ಕೆಲಸ ಬಿಟ್ಟರೆ ಗಿರಾಕಿಗಳ ನಾಲ್ಕು ವರ್ಷದ ಪತ್ರವ್ಯವಹಾರವೂ ಅವನ ಮೊಬೈಲ್‌ನೊಂದಿಗೇ ಹೊರಡುತ್ತದೆ.

ಹೀಗೆ ಪೆಟ್ಟು ತಿಂದ ಮೇಲೆಯೇ ‘ನಮ್ಮದೊಂದು ಮೇಲ್ ಸರ್ವರ್ ಬೇಕಲ್ಲ, ಅಗ್ಗದ್ದು ಯಾವುದು?’ ಎಂಬ ಪ್ರಶ್ನೆ ಏಳುವುದು. ಬೆಂಗಳೂರಿನಿಂದ ರಜೆಗೆ ಬಂದ ಎಂಜಿನಿಯರ್ ಅಳಿಯ ಉತ್ಸಾಹದಿಂದ ಹೇಳುತ್ತಾನೆ: ‘ಮಾಮಾ, ಸಾಫ್ಟ್‌ವೇರೆಲ್ಲಾ ಪುಕಟೆ ಸಿಗತೈತಿ. ಹಳೇ ಕಂಪ್ಯೂಟರ್‌ನಾಗ ನಾವ ಸರ್ವರ್ ಇಡೂಣು.’ ಅವನು ಹೇಳುವುದು ಸುಳ್ಳಲ್ಲ. ಲಿನಕ್ಸ್, ಪೋಸ್ಟ್‌ಫಿಕ್ಸ್, ಡವ್‌ಕಾಟ್ ಮುಂತಾದ ತಂತ್ರಾಂಶಗಳು ನಿಜಕ್ಕೂ ಉಚಿತ. ಜಗತ್ತಿನ ದೊಡ್ಡ ದೊಡ್ಡ ಸಂಸ್ಥೆಗಳೂ ಅವನ್ನೇ ಬಳಸುತ್ತವೆ. ಆದರೆ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ. ಕೇವಲ 100 ವ್ಯಾಟ್ ಎಳೆಯುವ ಹಳೆಯ ಯಂತ್ರ ಹಗಲಿರುಳು ಓಡಿದರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೂ 576 ರೂಪಾಯಿ. ಕರೆಂಟು ಹೋದಾಗ ಯುಪಿಎಸ್ ಬೇಕು, ಅದರ ಬ್ಯಾಟರಿ ಎರಡು-ಮೂರು ವರ್ಷಕ್ಕೊಮ್ಮೆ ಬದಲಾಗಬೇಕು, ಇಂಟರ್‌ನೆಟ್ ಕಂಪನಿಯಿಂದ ಸ್ಥಿರ ಐಪಿ ವಿಳಾಸ ಕೊಳ್ಳಬೇಕು. ಅಳಿಯ ಸೋಮವಾರ ಬೆಂಗಳೂರಿಗೆ ಮರಳುತ್ತಾನೆ. ಮಂಗಳವಾರ ಯಂತ್ರ ಕೆಟ್ಟರೆ ಗದಗಿನಿಂದಲೋ ಹುಬ್ಬಳ್ಳಿಯಿಂದಲೋ ಯಾರಾದರೂ ಬರಬೇಕು.

ಇದಕ್ಕಿಂತ ದೊಡ್ಡ ತೊಡಕೆಂದರೆ ನಂಬಿಕೆ. ಪತ್ರ ಹೊರಡಬೇಕಾದ 25ನೇ ಸಂಖ್ಯೆಯ ದ್ವಾರವನ್ನು ಅನೇಕ ಕಂಪನಿಗಳು ಮನೆ ಸಂಪರ್ಕಗಳಲ್ಲಿ ಮುಚ್ಚಿಯೇ ಇಟ್ಟಿರುತ್ತವೆ. ತೆರೆಸಿಕೊಂಡರೂ ಅಪರಿಚಿತ ಸರ್ವರ್‌ನಿಂದ ಬಂದ ದರಪಟ್ಟಿ ಗಿರಾಕಿಯ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವ ಸಂಭವವೇ ಹೆಚ್ಚು. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ನಿಯಮಗಳನ್ನು ಇನ್ನಷ್ಟು ಬಿಗಿಗೊಳಿಸಿವೆ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳ ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ನನ್ನ ಹೆಸರಿನಲ್ಲಿ ಯಾವ ಸರ್ವರ್ ಪತ್ರ ಕಳಿಸಬಹುದು ಎಂಬ ಪಟ್ಟಿ ಮೊದಲನೆಯದು; ಪತ್ರದ ಮೇಲಿನ ಮೊಹರು ಎರಡನೆಯದು; ಇವೆರಡೂ ಹೊಂದದ ಪತ್ರವನ್ನು ಏನು ಮಾಡಬೇಕೆಂಬ ಸೂಚನೆ ಮೂರನೆಯದು. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣ ಇಲ್ಲಿಗೆ ಹಾಕಿ’ ಎಂದು ವ್ಯಾಪಾರಿಯ ಹೆಸರಿನಲ್ಲೇ ಬರುವ ಖೊಟ್ಟಿ ಪತ್ರಗಳಿಗೆ ಇವು ಒಂದು ಮಟ್ಟಿಗಾದರೂ ಅಡ್ಡಗಾಲು.

ಆದುದರಿಂದ ಐದಾರು ಜನರ ಅಂಗಡಿ ಸರ್ವರ್ ಸಾಕುವ ಗೋಜಿಗೆ ಹೋಗದಿರುವುದೇ ಲೇಸು. ಅಂಚೆಪೆಟ್ಟಿಗೆಯನ್ನು ಬಾಡಿಗೆಗೆ ಪಡೆದರಾಯಿತು. ಚೆನ್ನೈನ ಜೊಹೊ ಸಂಸ್ಥೆ ಐವರವರೆಗಿನ ಉಚಿತ ಯೋಜನೆಯೊಂದನ್ನು ನೀಡುತ್ತ ಬಂದಿದೆ. ಹಣ ಕೊಟ್ಟು ಪಡೆಯುವ ಆರಂಭದ ಯೋಜನೆಗಳೂ ತಲೆಗೆ ತಿಂಗಳಿಗೆ ನೂರು ರೂಪಾಯಿಯ ಒಳಗೇ ಇವೆ. ಗೂಗಲ್, ಮೈಕ್ರೋಸಾಫ್ಟ್‌ಗಳದು ಅದಕ್ಕಿಂತ ತುಸು ದುಬಾರಿ. ಮೇಲಿನ ವಿದ್ಯುತ್ ಬಿಲ್ಲಿನ ದುಡ್ಡಿನಲ್ಲೇ ಐದು ಪೆಟ್ಟಿಗೆಗಳು ಸಿಗುತ್ತವೆ.

ಉಚಿತವೆಂಬುದನ್ನು ಮಾತ್ರ ಶಾಶ್ವತವೆಂದು ತಿಳಿಯಬಾರದು. ಗೂಗಲ್ 2006ರಲ್ಲಿ ಸ್ವಂತ ಹೆಸರಿನ ಮಿಂಚಂಚೆಯನ್ನು ಪುಕ್ಕಟೆಯಾಗಿ ಕೊಟ್ಟಿತು, 2012ರ ಡಿಸೆಂಬರ್‌ನಲ್ಲಿ ಹೊಸಬರಿಗೆ ಬಾಗಿಲು ಹಾಕಿತು, 2022ರಲ್ಲಿ ಹಳೆಯ ವ್ಯಾಪಾರಿ ಗಿರಾಕಿಗಳಿಗೂ ಹಣ ಕೊಡಿ ಎಂದಿತು. ಆಗ ಸಿಟ್ಟಾದವರು ಬೇರೆ ಕಂಪನಿಗೆ ಹೋದರು. ವಿಳಾಸ ಅವರದೇ ಆಗಿದ್ದರಿಂದ ಎಂಎಕ್ಸ್ ಎಂಬ ದಾಖಲೆಯನ್ನು ತಿದ್ದಿದರೆ ಸಾಕಾಗಿತ್ತು. ಪತ್ರ ಬರೆಯುವವರಿಗೆ ಸರ್ವರ್ ಬದಲಾದದ್ದೇ ತಿಳಿಯಲಿಲ್ಲ. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಮಿಂಚಂಚೆ ಜೊಹೊ ವೇದಿಕೆಗೆ ಸ್ಥಳಾಂತರಗೊಂಡಿದ್ದು 2025ರಲ್ಲಿ ಸುದ್ದಿಯಾಯಿತು. ಅಲ್ಲಿಯೂ ‘ಜಿಒವಿ ಡಾಟ್ ಇನ್’ ಎಂಬ ವಿಳಾಸ ಕದಲಲಿಲ್ಲ.

ವ್ಯಾಪಾರಿ ಜಾಗರೂಕನಾಗಿರಬೇಕಾದದ್ದು ಈ ಹೆಸರಿನ, ಅಂದರೆ ಡೊಮೈನ್‌ನ ವಿಷಯದಲ್ಲಿ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಸ್ವತ್ತು ಅದು. ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆಯನ್ನು ದೂರದ ನಗರಗಳಿಗೆ ಮಾರುವ ನೇಕಾರನಿಗೆ ಮಗ್ಗದಷ್ಟೇ ಮುಖ್ಯ. ಆದರೆ ವೆಬ್‌ಸೈಟ್ ಮಾಡಿಕೊಟ್ಟವರು ಅದನ್ನು ತಮ್ಮ ಹೆಸರಿನಲ್ಲೇ, ತಮ್ಮ ಮೊಬೈಲ್ ಸಂಖ್ಯೆಯಲ್ಲೇ ನೋಂದಾಯಿಸಿಬಿಡುವುದು ಸಾಮಾನ್ಯ. ಮೋಸವೇ ಆಗಬೇಕೆಂದಿಲ್ಲ, ಅವರಿಗೆ ಅದು ಸುಲಭ, ನಮಗೆ ಗೊತ್ತಿಲ್ಲ. ಬಾಕಿ ವಿಚಾರದಲ್ಲಿ ಮನಸ್ತಾಪವಾದ ದಿನ ಅಂಗಡಿಯ ಹೆಸರು ಇನ್ನೊಬ್ಬರ ಕಿಸೆಯಲ್ಲಿರುವುದು ಅರಿವಾಗುತ್ತದೆ.

ಭಾರತದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲೊಂದಾದ ಕಣಗಿನಹಾಳದ ಕೃಷಿ ಪತ್ತಿನ ಸಂಘ 1905ರಲ್ಲಿ ಹುಟ್ಟಿದ್ದು ಇದೇ ಗದಗ ಜಿಲ್ಲೆಯಲ್ಲಿ. ನೂರು ಮಗ್ಗ, ಐವತ್ತು ಅಂಗಡಿ ಒಟ್ಟು ಸೇರಿ ಒಬ್ಬ ತಂತ್ರಜ್ಞನಿಗೆ ಸಂಬಳ ಕೊಡುವಂತಾದರೆ ಅಳಿಯನ ಸರ್ವರ್ ಕನಸೂ ಲೆಕ್ಕಕ್ಕೆ ಒಗ್ಗೀತು. ಅಲ್ಲಿಯವರೆಗೆ ‘ಡಾಟ್ ಇನ್’ ಹೆಸರನ್ನು ಮಾಲೀಕರ ಸ್ವಂತ ಖಾತೆಯಲ್ಲಿ, ಒಂದೇ ಸಲ ಐದು ವರ್ಷಕ್ಕೆ ಹಣ ಕಟ್ಟಿ ಕೊಳ್ಳಲು ಅಡ್ಡಿಯಿಲ್ಲ. ನವೀಕರಣದ ತಾರೀಖನ್ನು ದೀಪಾವಳಿಗೆ ಪೂಜೆ ಮಾಡುವ ಕಿರ್ದಿಯ ಮೊದಲ ಪುಟದಲ್ಲಿ ಬರೆದಿಟ್ಟರೆ ವರ್ಷಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುತ್ತದೆ.