ಎರಡು ಅಡಿಯ ಜಗಲಿಗೆ ಎಷ್ಟು ಉದ್ದದ ದಾರಿ ಬೇಕು?

ಒಬ್ಬೊಬ್ಬರಿಗೆ ಅರ್ಧ ಮೀಟರ್ ಜಾಗ ಕೊಟ್ಟು ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಾ ಹೋದರೆ ಆ ಸಾಲು 3,900 ಕಿಲೋಮೀಟರ್ ದಾಟುತ್ತದೆ. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ನಮ್ಮ ದೇಶದ ಉದ್ದವೇ 3,214 ಕಿಲೋಮೀಟರ್! 2011ರ ಜನಗಣತಿಯಲ್ಲಿ ಸಿಕ್ಕ, 19 ವರ್ಷದವರೆಗಿನ ವಿಕಲಚೇತನ ಮಕ್ಕಳ ಸಾಲು ಅದು. ಒಟ್ಟು 78 ಲಕ್ಷಕ್ಕೂ ಹೆಚ್ಚು. ಈ ಗಣತಿಯನ್ನು ಆಧರಿಸಿದ ಯುನೆಸ್ಕೊದ 2019ರ ವರದಿ ಓದಿದರೆ ಎದೆ ಧಸಕ್ಕೆನ್ನುತ್ತದೆ: ಇವರಲ್ಲಿ ಐದು ವರ್ಷ ವಯಸ್ಸಿನ ನಾಲ್ವರಲ್ಲಿ ಮೂವರು ಯಾವ ಶಿಕ್ಷಣ ಸಂಸ್ಥೆಗೂ ಹೋಗುತ್ತಿರಲಿಲ್ಲ.

ಅದೂ ಪೂರ್ತಿ ಲೆಕ್ಕವಲ್ಲ. ಜನಸಂಖ್ಯೆಯಲ್ಲಿ ವಿಕಲಚೇತನರು ಶೇ 2.21 ಎಂದಿತು ಆ ಗಣತಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನ ಪ್ರಮಾಣ ಶೇ 16. ಅಳೆಯುವ ಕ್ರಮ ಬೇರೆ ಬೇರೆ, ನಿಜ. ಆದರೂ ಇಷ್ಟು ಅಂತರವೇ? 1995ರ ವಿಕಲಚೇತನರ ಕಾಯ್ದೆ ಗುರುತಿಸಿದ್ದು 7 ಬಗೆಯ ವೈಕಲ್ಯ, 2016ರ ಕಾಯ್ದೆ ಗುರುತಿಸಿದ್ದು 21. ಅಕ್ಷರಗಳು ಕಲಸಿಹೋಗಿ ಓದಲಾರದೆ, ‘ದಡ್ಡ’ ಎಂದು ಬೈಸಿಕೊಂಡು ಹಿಂದಿನ ಬೆಂಚಿಗೆ ಸರಿದ ಮಗುವಿನ ಕಲಿಕಾ ನ್ಯೂನತೆ ಈ ಪಟ್ಟಿ ಸೇರಿದ್ದು 2016ರಲ್ಲಿ. ಅಲ್ಲಿಯವರೆಗೆ ಆ ಮಗು ಕಾಯ್ದೆಯ ಕಣ್ಣಿಗೇ ಬಿದ್ದಿರಲಿಲ್ಲ.

ಕಾಯ್ದೆ ಕೊಟ್ಟಿರುವುದು ಸಣ್ಣದಲ್ಲ. ಉಳಿದ ಮಕ್ಕಳ ಶಿಕ್ಷಣ ಹಕ್ಕು 14 ವರ್ಷಕ್ಕೆ ಮುಗಿಯುತ್ತದೆ. ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 18ರವರೆಗೆ ಉಚಿತ ಶಿಕ್ಷಣ, ಅದೂ ಹತ್ತಿರದ ಶಾಲೆಯಲ್ಲೇ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ಅಧಿಸೂಚನೆ ಹೊರಡಿಸಿತು.

ಆದರೆ ಹಕ್ಕು ಮೊದಲು ಜಗಲಿ ಹತ್ತಬೇಕಲ್ಲ! ಗಾಲಿಕುರ್ಚಿಯ ಇಳಿಜಾರು ದಾರಿ ಒಂದು ಅಡಿ ಏರಲು 12 ಅಡಿ ಉದ್ದವಿರಬೇಕೆಂಬುದು ನಿಯಮ. ಶಾಲೆಯ ಜಗಲಿ ಎರಡು ಅಡಿ ಎತ್ತರವಿದ್ದರೆ 24 ಅಡಿಯ ದಾರಿ ಬೇಕು. ಜಾಗವಿಲ್ಲವೆಂದು 10 ಅಡಿಯಲ್ಲಿ ಮುಗಿಸಿದರೆ ಕುರ್ಚಿಯನ್ನು ಮಗು ತಾನೇ ತಳ್ಳಿಕೊಂಡು ಏರಲಾರದು. ಇಳಿಯುವಾಗ ಮುಗ್ಗರಿಸುವ ಭಯ. ಕಡತದಲ್ಲಿ ಮಾತ್ರ ‘ರ‍್ಯಾಂಪ್ ಇದೆ’. ಇನ್ನು ಶೌಚಾಲಯದ ಬಾಗಿಲು 90 ಸೆಂಟಿಮೀಟರ್ ಅಗಲ ಇಲ್ಲದಿದ್ದರೆ ಆ ಮಗು ಬೆಳಗಿನಿಂದ ನೀರು ಕುಡಿಯದೆ ಕೂರುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯ ಶಾಲೆಯೊಳಗೆ ಬೇರೆ ಯಾವುದಿದೆ?

ನಿಮ್ಮೂರಿನ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಮುಂದಿನ ಸಲ ಹೋಗುವಾಗ ಅಳತೆ ಟೇಪು ಒಯ್ಯಿರಿ. ದಾರಿಯನ್ನೂ ಬಾಗಿಲನ್ನೂ ಅಳೆದು, ಬಂದ ಅಂಕಿಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.